ಅರ್ಧ ಟನ್ನಿನ ಅಂತರ

ಅಂಬಾಸಿಡರ್ ಕಾರಿನ ಬಾನೆಟ್ ಎತ್ತಿದರೆ ಎಂಜಿನ್ ಉದ್ದಕ್ಕೆ ಕೂತಿರುತ್ತದೆ. ಮಾರುತಿ 800ರಲ್ಲಿ ಅಡ್ಡಕ್ಕೆ. ನೋಡಲು ಸಣ್ಣ ಸಂಗತಿ. ಆದರೆ ಎರಡು ಕಾಲಗಳ ನಡುವಿನ ಅಂತರವೆಲ್ಲ ಅಲ್ಲೇ ಅಡಗಿದೆ.

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯ ಅಂಬಾಸಿಡರ್, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಗೆ ತಯಾರಾಗತೊಡಗಿತು. ಸುಜುಕಿ ತಂತ್ರಜ್ಞಾನದ ಮಾರುತಿ ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ. 2014ರಲ್ಲಿ ಎರಡರ ತಯಾರಿಕೆಯೂ ನಿಂತಿತು.

ಅಂಬಾಸಿಡರ್‌ನ ಎಂಜಿನ್ ಮುಂದೆ, ಅದು ತಿರುಗಿಸುವ ಚಕ್ರಗಳು ಹಿಂದೆ. ನಡುವೆ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್, ಕೊನೆಗೆ ಭಾರದ ಕ್ರೌನ್ ಗೇರು. ಮಾರುತಿಯಲ್ಲಿ ಎಂಜಿನ್ನೂ ಗೇರ್ ಬಾಕ್ಸೂ ಒಟ್ಟಿಗೆ ಅಡ್ಡಕ್ಕೆ ಕೂತು ಪಕ್ಕದ ಮುಂಚಕ್ರಗಳನ್ನೇ ತಿರುಗಿಸುತ್ತವೆ. ಶಾಫ್ಟೇ ಬೇಡ! ಅಂಬಾಸಿಡರ್ ಒಂದು ಟನ್ನಿಗೂ ಹೆಚ್ಚು ತೂಗಿದರೆ ಮಾರುತಿ ಸುಮಾರು 650 ಕಿಲೋ. ಹಗುರವಾದ ವಸ್ತುವನ್ನು ಓಡಿಸಲು ಕಡಿಮೆ ಬಲ ಸಾಕಲ್ಲವೆ? 1489 ಸಿ.ಸಿ. ಮಾಡುತ್ತಿದ್ದ ಕೆಲಸಕ್ಕೆ 796 ಸಿ.ಸಿ. ಸಾಕಾದದ್ದು ಹೀಗೆ. ಪೆಟ್ರೋಲ್ ಉಳಿತಾಯವೂ ಅಲ್ಲಿಂದಲೇ ಬಂತು.

ಮಲೆನಾಡಿನ ಕೆಸರು ಏರಿನಲ್ಲಿ ಮಾತ್ರ ಲೆಕ್ಕ ತಿರುವುಮುರುವಾಗುತ್ತದೆ. ಏರು ಹತ್ತುವಾಗ ಕಾರಿನ ಭಾರ ಹಿಂದಕ್ಕೆ ವಾಲುತ್ತದೆ. ಹಿಂದೆ ಮೂವರು ಕೂತು, ಡಿಕ್ಕಿಯಲ್ಲಿ ಅಕ್ಕಿ ಮೂಟೆ ಇದ್ದರಂತೂ ಅಂಬಾಸಿಡರ್‌ನ ಹಿಂಚಕ್ರಗಳಿಗೆ ನೆಲದ ಹಿಡಿತ ಇನ್ನಷ್ಟು ಬಿಗಿ. ಮಾರುತಿಯ ಮುಂಚಕ್ರಗಳು ಆಗ ಹಗುರಾಗಿ ಸುಮ್ಮನೆ ಗಿರಗಿರ ತಿರುಗುತ್ತವೆ. ಗುಂಡಿಗೂ ಅಷ್ಟೆ: 12 ಇಂಚಿನ ಚಕ್ರ ಇಳಿದು ಧಡಕ್ಕೆನ್ನುವಲ್ಲಿ 15 ಇಂಚಿನದು ಉರುಳಿ ದಾಟುತ್ತದೆ.

ಮಾರುತಿಯನ್ನು 'ತಗಡಿನ ಡಬ್ಬಿ' ಎಂದು ಮೂಗು ಮುರಿದವರಿದ್ದರು. ಅದರಲ್ಲಿ ಅರ್ಧ ಸತ್ಯವಿದೆ. ಎರಡೂ ಎದುರುಬದುರು ಗುದ್ದಿದರೆ ಹೆಚ್ಚು ಆಘಾತ ಹಗುರಾದದ್ದಕ್ಕೇ. ಆದರೆ ಮರಕ್ಕೆ ಗುದ್ದಿದಾಗ ದಪ್ಪ ತಗಡು ಕಾಯುತ್ತದೆಂದು ನಂಬುವಂತಿಲ್ಲ. ಮುಂಭಾಗ ಹದವಾಗಿ ನಜ್ಜುಗುಜ್ಜಾಗುತ್ತ ಹೋದರೆ ಕಾರು ನಿಲ್ಲಲು ತುಸು ಹೆಚ್ಚು ದೂರ ಸಿಗುತ್ತದೆ, ಒಳಗಿದ್ದವರಿಗೆ ತಟ್ಟುವ ಬಲ ತಗ್ಗುತ್ತದೆ. ನಜ್ಜಾಗದೆ ನಿಂತರೆ ಆ ಬಲವನ್ನು ಮೈಯೇ ತಡೆದುಕೊಳ್ಳಬೇಕು.

ಅಂಬಾಸಿಡರ್‌ಗೆ ಲಾರಿಯಂತೆ ಬೇರೆ ಛಾಸಿ ಇದೆ ಎಂದುಕೊಂಡವರೂ ಉಂಟು. ಇಲ್ಲ, ಎರಡರಲ್ಲೂ ಬಾಡಿಯೇ ಬೆನ್ನೆಲುಬು. ಹಳೆಯ ಕಾರು ಕೊಳ್ಳುವವರು ಹೊಳೆಯುವ ಬಣ್ಣಕ್ಕೆ ಮರುಳಾಗದೆ ಕಾಲಡಿಯ ಮ್ಯಾಟ್ ಎತ್ತಿ ನೋಡಬೇಕು. ಅಲ್ಲಿ ನೆಲದ ತಗಡು ತುಕ್ಕು ತಿಂದು ಬೆರಳೊತ್ತಿದರೆ ಉದುರುವಂತಿದ್ದರೆ, ಎಂಜಿನ್ ಎಷ್ಟೇ ಚೆನ್ನಾಗಿರಲಿ, ವ್ಯಾಪಾರ ಬಿಡುವುದೇ ಸರಿ.