ಅಂಚಿನಲ್ಲಿ ಹರಿಯುವ ವಿದ್ಯುತ್ತು

ಬೆಂಗಳೂರಿನ ಹೊಸ ತಿಪ್ಪಸಂದ್ರದ ಪೇಟೆಬೀದಿಯಲ್ಲಿ ಸಂಜೆಯ ಹೊತ್ತು ನಡೆಯುವವನು ಎದುರು ಬರುವವರಿಗೆ ತಾಗಿ, ತರಕಾರಿಗಾಡಿಗೆ ಅಡ್ಡವಾಗಿ, ಹಿಂದೆ ಸರಿದು ಮುಂದೆ ಸಾಗಬೇಕು. ತಾಮ್ರದ ತಂತಿಯೊಳಗಿನ ಇಲೆಕ್ಟ್ರಾನುಗಳ ಪಾಡೂ ಇಂಥದೇ. ಕಲ್ಮಷಗಳಿಗೂ ಕಂಪಿಸುವ ಪರಮಾಣುಗಳಿಗೂ ಡಿಕ್ಕಿ ಹೊಡೆಯುತ್ತ ಅವು ಚಲಿಸುವುದರಿಂದ ವಿದ್ಯುಚ್ಛಕ್ತಿಯ ಒಂದು ಪಾಲು ಶಾಖವಾಗಿ ಸೋರಿಹೋಗುತ್ತದೆ. ಬಳಸುತ್ತಿರುವ ಫೋನು ಬಿಸಿಯಾಗುವುದಕ್ಕೆ ಇಂಥ ನಷ್ಟವೇ ಬಹುಮಟ್ಟಿಗೆ ಕಾರಣ.

ಈ ನಷ್ಟವನ್ನು ಬಹಳವಾಗಿ ತಗ್ಗಿಸಬಹುದಾದ ಪದಾರ್ಥವೊಂದುಂಟು. ಅದಕ್ಕೆ ದ್ವಿಆಯಾಮದ ಟೊಪೊಲಾಜಿಕಲ್ ಅವಾಹಕವೆಂದು ಹೆಸರು. ಅತಿ ತೆಳುವಾದ ಈ ಹಾಳೆಯ ಒಳಭಾಗದಲ್ಲಿ ವಿದ್ಯುತ್ತು ಹರಿಯದು. ಅಂಚಿನಲ್ಲಿ ಮಾತ್ರ ಹರಿಯುತ್ತದೆ. ಇಲೆಕ್ಟ್ರಾನುಗಳಿಗೆ ಸ್ಪಿನ್ ಎಂಬ ಗುಣವಿದೆ. ಅಂಚಿನಲ್ಲಿ ಒಂದು ಬಗೆಯ ಸ್ಪಿನ್ ಉಳ್ಳವು ಒಂದು ದಿಕ್ಕಿಗೂ ಇನ್ನೊಂದು ಬಗೆಯವು ಎದುರು ದಿಕ್ಕಿಗೂ ಸಾಗುತ್ತವೆ. ಹಿಂದಿರುಗಬೇಕಾದರೆ ಸ್ಪಿನ್ನೇ ತಿರುಗಬೇಕು. ಅದನ್ನು ತಿರುಗಿಸುವ ಸಾಮರ್ಥ್ಯ ಕಾಂತಗುಣವಿಲ್ಲದ ಸಾಮಾನ್ಯ ಕಲ್ಮಷಕ್ಕಿಲ್ಲ.

ಪಾದರಸ ಮತ್ತು ಟೆಲ್ಲೂರಿಯಂಗಳ ಸಂಯುಕ್ತದಲ್ಲಿ ಈ ಗುಣ ಕಾಣಬೇಕೆಂದು 2006ರಲ್ಲಿ ಬರ್ನೆವಿಗ್, ಹ್ಯೂಸ್ ಮತ್ತು ಝಾಂಗ್ ಎಂಬ ವಿಜ್ಞಾನಿಗಳು ಗಣಿತದಿಂದ ತೋರಿಸಿದರು. ಮರುವರ್ಷವೇ ಜರ್ಮನಿಯ ವ್ಯೂರ್ಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಮೊಲೆನ್‌ಕಾಂಪ್ ಅವರ ತಂಡ ಅದನ್ನು ಪ್ರಯೋಗದಿಂದ ಕಂಡುಕೊಂಡಿತು. ಪದರದ ದಪ್ಪ ಸುಮಾರು 6.3 ನ್ಯಾನೊಮೀಟರಿಗಿಂತ ಕಡಮೆಯಾದರೆ ಅದು ಬರಿಯ ಅವಾಹಕ. ಅದಕ್ಕಿಂತ ಹೆಚ್ಚಾದರೆ ಅಂಚು ಜೀವ ತಳೆಯುತ್ತದೆ. ಹಾಳೆಯ ಅಗಲವನ್ನು ಬದಲಿಸಿದರೂ ವಾಹಕತೆ ಬದಲಾಗಲಿಲ್ಲ. ವಿದ್ಯುತ್ತು ಅಂಚಿನಲ್ಲೇ ಹರಿಯುತ್ತಿತ್ತೆಂಬುದಕ್ಕೆ ಇದಕ್ಕಿಂತ ಸೊಗಸಾದ ಸಾಕ್ಷ್ಯ ಬೇಕೆ?

ಇಷ್ಟು ನಿಖರವಾದ ಪದರವನ್ನು ಕಾವಲಿಯ ಮೇಲೆ ದೋಸೆ ಹರಡಿದಂತೆ ಹರಡಲಾಗದು, ಬೆಳೆಸಬೇಕು. ಗಾಳಿಯನ್ನು ಬಹುಪಾಲು ಹೊರತೆಗೆದ ಉಕ್ಕಿನ ಕೋಣೆಯಲ್ಲಿ ಮೂಲವಸ್ತುಗಳನ್ನು ಪುಟ್ಟ ಕುಲುಮೆಗಳಲ್ಲಿ ಕಾಯಿಸುತ್ತಾರೆ. ಆವಿಯಾದ ಪರಮಾಣುಗಳು ಬಿಸಿಮಾಡಿದ ಹರಳಿನ ತಳದ ಮೇಲೆ ಮೆಲ್ಲಮೆಲ್ಲನೆ ನೆಲೆಸುತ್ತವೆ. ತಳಕ್ಕೆ ಓರೆಯಾಗಿ ಇಲೆಕ್ಟ್ರಾನು ಕಿರಣವನ್ನು ಹಾಯಿಸಿದರೆ, ಒಂದೊಂದು ಪದರ ಪೂರ್ಣವಾದಂತೆಲ್ಲ ಪ್ರತಿಫಲಿತ ಕಿರಣ ಬೆಳಗಿ, ಮುಂದಿನ ಪದರ ಅರ್ಧಕ್ಕೆ ಬಂದಾಗ ಮಂಕಾಗುತ್ತದೆ. ಆ ಏರಿಳಿತವನ್ನೆಣಿಸಿ ಪದರಗಳ ಲೆಕ್ಕ ಹಿಡಿಯುತ್ತಾರೆ!

1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಈ ಬಳಗಕ್ಕೆ ಸೇರಿದ ಬಿಸ್ಮತ್–ಸೆಲೆನಿಯಂ ಸಂಯುಕ್ತದ ಅಧ್ಯಯನ ನಡೆದಿದೆ. ಇದರಲ್ಲಿ ವಿದ್ಯುತ್ತು ಹರಿಯುವುದು ಮೇಲ್ಮೈಯಲ್ಲಿ. ಐದು ಪರಮಾಣು ಪದರಗಳ ಒಂದು ಕಟ್ಟಿನ ದಪ್ಪ ಸುಮಾರು 1 ನ್ಯಾನೊಮೀಟರು. ಇಂಥ ಆರು ಕಟ್ಟುಗಳಿಗಿಂತ ತೆಳುವಾದರೆ ಮೇಲಿನ ಮೈಗೂ ಕೆಳಗಿನ ಮೈಗೂ ನಂಟು ಬೆಳೆದು ಗುಣವೇ ಬದಲಾಗುತ್ತದೆ.

ದೊಡ್ಡ ತೊಡಕೆಂದರೆ ಉಷ್ಣತೆ. ವ್ಯೂರ್ಟ್ಸ್‌ಬರ್ಗಿನ ಹಾಳೆಯನ್ನು ನಿರಪೇಕ್ಷ ಶೂನ್ಯದ ಸಮೀಪಕ್ಕೆ ತಂಪುಗೊಳಿಸಬೇಕಾಗಿತ್ತು. 2018ರಲ್ಲಿ ಅಮೆರಿಕದ ವಿಜ್ಞಾನಿಗಳು ಟಂಗ್‌ಸ್ಟನ್ ಮತ್ತು ಟೆಲ್ಲೂರಿಯಂಗಳ ಒಂದೇ ಪದರದಲ್ಲಿ 100 ಕೆಲ್ವಿನ್‌ವರೆಗೆ, ಎಂದರೆ ಸುಮಾರು ಸೊನ್ನೆಗಿಂತ 173 ಸೆಲ್ಸಿಯಸ್ ಡಿಗ್ರಿ ಕೆಳಗಿನವರೆಗೆ, ಅಂಚಿನ ಹರಿವನ್ನು ಕಂಡರು. ಆದರೆ ಆ ಪದರ ಗಾಳಿ ಸೋಕಿದರೆ ಕೆಡುತ್ತದೆ. ಕೋಣೆಯ ಉಷ್ಣತೆ ಅದಕ್ಕೆ ಇನ್ನೂ 200 ಡಿಗ್ರಿಗಳಷ್ಟು ದೂರ.