ಬೆಂಕಿಯಿಂದ ಉಳಿದ ಹೆಸರುಗಳು

1909ರ ಜನವರಿ 1ರಿಂದ ಐರ್ಲೆಂಡಿನ ವೃದ್ಧರಿಗೆ ಸರ್ಕಾರದ ಪಿಂಚಣಿ ಬರತೊಡಗಿತು. ಎಪ್ಪತ್ತು ತುಂಬಿದ ಬಡವರಿಗೆ ವಾರಕ್ಕೆ 5 ಶಿಲಿಂಗ್. ದೇಶದ ಪಶ್ಚಿಮ ಅಂಚಿನಲ್ಲಿ, ಅಟ್ಲಾಂಟಿಕ್ ಸಾಗರದ ಗಾಳಿಗೆ ಮೈಯೊಡ್ಡಿರುವ ಕ್ಲೇರ್ ಕೌಂಟಿಯ ಹಳ್ಳಿಗಳಲ್ಲಿ ಅದು ಸಣ್ಣ ದುಡ್ಡಲ್ಲ. ಆದರೆ ಎಪ್ಪತ್ತು ತುಂಬಿದೆ ಎಂದು ತೋರಿಸಬೇಕಲ್ಲ? ಎಲ್ಲರ ಜನನವನ್ನೂ ಸರ್ಕಾರ ಬರೆದುಕೊಳ್ಳಲು ಶುರುಮಾಡಿದ್ದೇ 1864ರಲ್ಲಿ. ಅದಕ್ಕೆ ಮೊದಲು ಹುಟ್ಟಿದವರ ಕೈಯಲ್ಲಿ ಕಾಗದವಿಲ್ಲ. ಕೆಲವರು 1839ರ ಜನವರಿ 6ರ ರಾತ್ರಿಯ ಮಹಾ ಬಿರುಗಾಳಿ ತಮಗೆ ನೆನಪಿದೆ ಎಂದು ಹೇಳಿ ಅಧಿಕಾರಿಗಳನ್ನು ಒಪ್ಪಿಸಲು ನೋಡಿದರು. ಎಷ್ಟೋ ಮಂದಿಗಾಗಿ ಡಬ್ಲಿನ್‌ನ ಗುಮಾಸ್ತರು 1841 ಮತ್ತು 1851ರ ಜನಗಣತಿಯ ಮೂಲ ಹಾಳೆಗಳನ್ನೇ ತೆರೆದರು. ಇಂಥ ಪ್ಯಾರಿಷ್ (ಒಂದು ಚರ್ಚಿನ ಸೀಮೆ), ಇಂಥ ಊರು, ಇಂಥ ದಂಪತಿಯ ಮಗಳು, ಆಗ ವಯಸ್ಸು ಇಷ್ಟು ಎಂದು ಹುಡುಕಿ ಫಾರಮ್ಮಿನಲ್ಲಿ ಬರೆದಿಟ್ಟರು.

ಆ ಜನಗಣತಿಯ ಬಹುಪಾಲು ಈಗ ಇಲ್ಲ. ಪಿಂಚಣಿಯ ಫಾರಮ್ಮುಗಳು ಇವೆ. ಮುದುಕಿಯೊಬ್ಬಳು 5 ಶಿಲಿಂಗಿಗಾಗಿ ಹಾಕಿದ ಅರ್ಜಿಯಿಂದ ಅವಳ ಅಪ್ಪ, ಅಮ್ಮ, ಚಿಕ್ಕಂದಿನಲ್ಲೇ ಹೋದ ಅಣ್ಣತಮ್ಮಂದಿರ ಹೆಸರುಗಳು ಉಳಿದುಬಂದಿವೆ. ಕ್ಲೇರ್‌ನಲ್ಲಿ ತಮ್ಮ ಹಿರಿಯರನ್ನು ಹುಡುಕುವವರು ಈ ಫಾರಮ್ಮುಗಳನ್ನು ನಿಧಿ ಸಿಕ್ಕಂತೆ ನೋಡುತ್ತಾರೆ.

ಆ ಗಣತಿಯ ಹಾಳೆಗಳು ಎಲ್ಲಿ ಹೋದವು ಎಂದರೆ, ಎಲ್ಲರೂ ತೋರಿಸುವುದು 1922ರ ಜೂನ್ 30ನ್ನು. ಸ್ವಾತಂತ್ರ್ಯದ ಒಪ್ಪಂದವನ್ನು ಒಪ್ಪಿದವರು, ಒಪ್ಪದವರು ಎಂದು ಐರಿಷರೇ ಇಬ್ಭಾಗವಾಗಿ ಕಾದಾಡಿದ ದಿನಗಳವು. ಒಪ್ಪದ ಪಡೆ ಡಬ್ಲಿನ್‌ನ ಫೋರ್ ಕೋರ್ಟ್ಸ್ ಕಟ್ಟಡಗಳಲ್ಲಿ ಬೀಡುಬಿಟ್ಟಿತ್ತು. ಸಾರ್ವಜನಿಕ ದಾಖಲೆ ಕಚೇರಿ ಇದ್ದದ್ದೂ ಅದೇ ಆವರಣದಲ್ಲಿ. ಫಿರಂಗಿ ದಾಳಿಯ ನಡುವೆ ಸ್ಫೋಟವಾಗಿ ಬೆಂಕಿ ಎದ್ದಿತು. ಏಳು ಶತಮಾನಗಳ ಕಾಗದ ಒಂದೇ ದಿನ ಉರಿದುಹೋಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳು, ಉಯಿಲುಗಳು, ನ್ಯಾಯಾಲಯದ ಕಡತಗಳು. ಆದರೆ ಎಲ್ಲ ತಪ್ಪನ್ನೂ ಬೆಂಕಿಯ ಮೇಲೆ ಹೊರಿಸುವಂತಿಲ್ಲ. 1861 ಮತ್ತು 1871ರ ಗಣತಿಯ ಹಾಳೆಗಳನ್ನು, ಲೆಕ್ಕ ಮುಗಿಯಿತೆಂದು, ಸರ್ಕಾರವೇ ನಾಶ ಮಾಡಿತ್ತು. 1881 ಮತ್ತು 1891ರವು ಮೊದಲ ಮಹಾಯುದ್ಧದ ಕಾಗದದ ಕೊರತೆಯಲ್ಲಿ ರದ್ದಿಗೆ ಹೋದವು. ಬೆಂಕಿಗೆ ಬಲಿಯಾದದ್ದಕ್ಕಿಂತ ರದ್ದಿಗೆ ಹಾಕಿದ್ದು ನನ್ನನ್ನು ಹೆಚ್ಚು ನೋಯಿಸುತ್ತದೆ. ಎಣಿಸಿ ಮುಗಿದ ಮೇಲೆ ಆ ಜನರ ಹೆಸರು ಯಾರಿಗೂ ಬೇಡವಾಗಿತ್ತು.

ಆ ಬೆಂಕಿಯಿಂದ ಉಳಿದದ್ದರ ಕಥೆಯೂ ವಿಚಿತ್ರವೇ. ಆಳುವವರ ಧರ್ಮವಾಗಿದ್ದ ಚರ್ಚ್ ಆಫ್ ಐರ್ಲೆಂಡಿನ ಜ್ಞಾನಸ್ನಾನ, ಮದುವೆ, ಮಣ್ಣಿನ ದಾಖಲೆ ಪುಸ್ತಕಗಳನ್ನು 1870ರ ದಶಕದ ಕಾನೂನು ಸಾರ್ವಜನಿಕ ದಾಖಲೆ ಎಂದು ಘೋಷಿಸಿತ್ತು. ಭದ್ರವಾಗಿರಲಿ ಎಂದು ಅವುಗಳಲ್ಲಿ ಎಷ್ಟನ್ನೋ ಡಬ್ಲಿನ್‌ಗೆ ತಂದಿಟ್ಟರು. ಹಾಗೆ ತಂದವು ಸುಟ್ಟವು. ಬಡ ಕ್ಯಾಥೊಲಿಕರ ಪುಸ್ತಕಗಳನ್ನು ಯಾರೂ ಕೇಳಿರಲಿಲ್ಲ. ಅವು ಹಳ್ಳಿಯ ಪಾದ್ರಿಯ ಮನೆಯ ಕಪಾಟಿನಲ್ಲೇ, ಥಂಡಿ ಹಿಡಿದು, ಇಲಿ ಕಡಿದು, ಉಳಿದವು. 2015ರ ಜುಲೈನಲ್ಲಿ ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಈ ಕ್ಯಾಥೊಲಿಕ್ ಪುಸ್ತಕಗಳ ಪುಟಗಳನ್ನು ಯಾರು ಬೇಕಾದರೂ ಪುಕ್ಕಟೆ ನೋಡುವಂತೆ ಅಂತರ್ಜಾಲಕ್ಕೆ ಹಾಕಿತು. ಕ್ಲೇರ್‌ನ ಹಲವು ಪ್ಯಾರಿಷ್‌ಗಳಲ್ಲಿ ಅವು 1820ರ ಆಚೆಗಷ್ಟೇ ಶುರುವಾಗುತ್ತವೆ. ಬರಹ ಲ್ಯಾಟಿನ್ ಅಥವಾ ಇಂಗ್ಲಿಷಿನಲ್ಲಿ, ಶಾಯಿ ಮಾಸಿ, ಸಾಲು ಸಾಲಿಗೆ ಒತ್ತಿಕೊಂಡಿರುತ್ತದೆ. ಮಗುವಿನ ಹೆಸರು, ತಂದೆತಾಯಿಯ ಹೆಸರು, ಜೊತೆಗೆ ನಿಂತ ಇಬ್ಬರು ಜ್ಞಾನಪೋಷಕರ ಹೆಸರು. ಹೊಸಬರು ಜ್ಞಾನಪೋಷಕರನ್ನು ಬಿಟ್ಟು ಮುಂದೆ ಹೋಗುತ್ತಾರೆ. ಪಳಗಿದವರು ಅಲ್ಲೇ ನಿಲ್ಲುತ್ತಾರೆ, ಏಕೆಂದರೆ ಹೆಚ್ಚಿನ ವೇಳೆ ಅವರು ಮಗುವಿನ ಸೋದರಮಾವ, ಚಿಕ್ಕಪ್ಪ, ಅತ್ತೆ. ತಾಯಿಯ ತವರು ಯಾವುದೆಂಬುದಕ್ಕೆ ಸುಳಿವು ಸಿಗುವುದು ಅಲ್ಲಿಂದ.

ಹೆಸರು ಸಿಕ್ಕರೂ ಅದು ನಮ್ಮವರದ್ದೇ ಎಂದು ಹೇಳುವುದು ಕಷ್ಟ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವ ವಾಡಿಕೆ ಅಲ್ಲಿಯದು. ನಾಲ್ಕು ಅಣ್ಣತಮ್ಮಂದಿರು ಒಂದೇ ಊರಲ್ಲಿ ನೆಲೆಸಿದರೆ ನಾಲ್ಕು ಮನೆಯಲ್ಲೂ ಅಜ್ಜನ ಹೆಸರಿನ ಒಬ್ಬೊಬ್ಬ ಮೈಕೆಲ್ ಮೆಕ್‌ಮಹೋನ್ ಇರುತ್ತಾನೆ. ಇವರನ್ನು ಬಿಡಿಸಿ ನೋಡಲು ನೆಲ ಗೊತ್ತಿರಬೇಕು. ಐರ್ಲೆಂಡಿನಲ್ಲಿ ಟೌನ್‌ಲ್ಯಾಂಡ್ ಎಂಬ ಅತಿ ಚಿಕ್ಕ ನೆಲದ ವಿಭಾಗವಿದೆ. ದೇಶದಲ್ಲಿ ಅಂಥವು 60,000ಕ್ಕೂ ಹೆಚ್ಚು. ಯಾವ ಪ್ಯಾರಿಷ್‌ನ ಯಾವ ಟೌನ್‌ಲ್ಯಾಂಡ್ ಎಂದು ತಿಳಿಯದೆ ಕ್ಲೇರ್‌ನಲ್ಲಿ ಒಬ್ಬ ಓಬ್ರಿಯನ್‌ನನ್ನೋ ಮೆಕ್‌ಮಹೋನ್‌ನನ್ನೋ ಹುಡುಕುವುದು ಆಗದ ಮಾತು. ಮೇಲಾಗಿ ಅದೇ ಮನುಷ್ಯ ಒಂದು ಕಡೆ ಓಬ್ರಿಯನ್, ಇನ್ನೊಂದು ಕಡೆ ಬರೀ ಬ್ರಿಯನ್.

ನೆಲದ ದಾಖಲೆಗಳನ್ನು ಓದುವಾಗ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಬಡವನ ಹೆಸರನ್ನು ಸರ್ಕಾರ ಬರೆದಿಟ್ಟದ್ದು ಅವನಿಂದ ಏನನ್ನೋ ವಸೂಲಿ ಮಾಡಬೇಕಾದಾಗ. 1823ರಿಂದ 1837ರ ನಡುವೆ ತಯಾರಾದ ದಶಾಂಶದ ಪುಸ್ತಕಗಳಲ್ಲಿ ಕ್ಯಾಥೊಲಿಕ್ ರೈತರ ಹೆಸರುಗಳಿವೆ. ತಮ್ಮದಲ್ಲದ ಚರ್ಚಿಗೆ ಅವರು ಎಷ್ಟು ತೆರಬೇಕು ಎಂದು ಬರೆಯಲು. ರಿಚರ್ಡ್ ಗ್ರಿಫಿತ್‌ನ ಮೌಲ್ಯಮಾಪನ 1847ರಿಂದ 1864ರವರೆಗೆ ಇಡೀ ದೇಶದಲ್ಲಿ ನಡೆಯಿತು. ಅದರಲ್ಲಿ ಜಮೀನು ಹಿಡಿದವನು, ಭೂಮಾಲೀಕ, ಮನೆ, ಹೊಲ, ನಕ್ಷೆಯ ಸಂಖ್ಯೆ ಎಲ್ಲ ಇವೆ, ತೆರಿಗೆಯ ಲೆಕ್ಕಕ್ಕಾಗಿ. ಒಬ್ಬರ ಮನೆಯ ಮೂಲೆಯಲ್ಲಿ ಬಾಡಿಗೆಗಿದ್ದ ಕೂಲಿಯವನ ಹೆಸರು ಇಲ್ಲೂ ಇಲ್ಲ. ಅವನಿಂದ ಕೇಳಲು ಏನೂ ಇರಲಿಲ್ಲ.

ಇದಕ್ಕಿಂತ ಕಹಿಯಾದ ಪಟ್ಟಿಯೊಂದಿದೆ. ಕ್ಲೇರ್‌ನ ನೈರುತ್ಯದ ಕಿಲ್‌ರಷ್ ಸೀಮೆ ಮಹಾಕ್ಷಾಮದಲ್ಲಿ ನಲುಗಿದಷ್ಟು ಐರ್ಲೆಂಡಿನ ಕೆಲವೇ ಕಡೆಗಳು ನಲುಗಿದವು. ಆಲೂಗಡ್ಡೆ ಕೊಳೆತುಹೋಗಿತ್ತು, ಗೇಣಿ ಕೊಡಲಾಗಲಿಲ್ಲ, ಭೂಮಾಲೀಕರು ಮನೆಗಳ ಸೂರು ಕೆಡವಿಸಿ ಒಕ್ಕಲನ್ನು ಹೊರದಬ್ಬಿದರು. ಬಡವರ ಪರಿಹಾರದ ಉಸ್ತುವಾರಿಗೆ ಬಂದಿದ್ದ ಕ್ಯಾಪ್ಟನ್ ಆರ್ಥರ್ ಕೆನಡಿ ಎಂಬ ಅಧಿಕಾರಿ, ಕಂಡದ್ದನ್ನು ನುಂಗಿಕೊಳ್ಳಲಾರದೆ, ಎಲ್ಲಿ ಯಾರ ಮನೆ ಕೆಡವಲಾಯಿತು, ಆ ಸಂಸಾರದಲ್ಲಿ ಎಷ್ಟು ಜನರಿದ್ದರು ಎಂದು ಮೇಲಿನವರಿಗೆ ಬರೆದು ಕಳಿಸಿದ. ಲಂಡನ್ನಿನ ಒಂದು ಸಚಿತ್ರ ಪತ್ರಿಕೆ 1849ರ ಕೊನೆಯಲ್ಲಿ ಕಿಲ್‌ರಷ್‌ನ ಹಾಳುಬಿದ್ದ ಗುಡಿಸಲುಗಳನ್ನೂ ಚಿಂದಿಯುಟ್ಟ ತಾಯಿಮಕ್ಕಳನ್ನೂ ಚಿತ್ರಿಸಿತು. 1841ರಲ್ಲಿ ಕ್ಲೇರ್‌ನಲ್ಲಿದ್ದ ಜನ ಸುಮಾರು 2.86 ಲಕ್ಷ, ಹತ್ತು ವರ್ಷದ ನಂತರ ಸುಮಾರು 2.12 ಲಕ್ಷ. ಆ ವ್ಯತ್ಯಾಸದಲ್ಲಿ ಸತ್ತವರೂ ಇದ್ದಾರೆ, ಹಡಗು ಹತ್ತಿದವರೂ ಇದ್ದಾರೆ. ಹಡಗು ಹತ್ತಿದವರ ಮರಿಮಕ್ಕಳೇ ಇಂದು ಬೋಸ್ಟನ್, ಮೆಲ್ಬರ್ನ್, ಟೊರಾಂಟೊಗಳಿಂದ ಊರು ಹುಡುಕಿಕೊಂಡು ಬರುವವರು. ಕೆಲವರಿಗೆ ತಮ್ಮ ಮನೆತನದ ಹೆಸರು ಐರ್ಲೆಂಡಿನ ಕಾಗದದಲ್ಲಿ ಕೊನೆಯದಾಗಿ ಕಾಣುವುದು ಕೆನಡಿಯ ಪಟ್ಟಿಯಲ್ಲಿ.

ಹಾಗೆ ಬಂದವರು ಒಬ್ಬೊಬ್ಬರಾಗಿಯೇ ಹುಡುಕಿದ್ದರೆ ಈ ಚೂರುಗಳು ಒಂದಾಗುತ್ತಿರಲಿಲ್ಲ. ಕ್ಲೇರ್ ಐರ್ಲೆಂಡಿನ ವಂಶಶೋಧಕರ ನಡುವೆ ಹೆಸರಾಗಿರುವುದು ಅಲ್ಲಿಯ ಜನ ಈ ಕೆಲಸವನ್ನು ಹಂಚಿಕೊಂಡು ಮಾಡಿದ್ದಕ್ಕೆ. ಕೊರೊಫಿನ್ ಎಂಬ ಪುಟ್ಟ ಊರಿನಲ್ಲಿ, ಬಳಕೆ ತಪ್ಪಿದ ಚರ್ಚೊಂದರಲ್ಲಿ, ನೀಶ ಕ್ಲಿಯರಿ ಎಂಬ ಸ್ಥಳೀಯ ಉತ್ಸಾಹಿ 1980ರ ದಶಕದ ಆರಂಭದಲ್ಲೇ ಕ್ಲೇರ್ ಪರಂಪರೆ ಕೇಂದ್ರ ಕಟ್ಟಿ ಪ್ಯಾರಿಷ್ ಪುಸ್ತಕಗಳ ಸೂಚಿ ಮಾಡಿಸಿದರು. ಜಿಲ್ಲಾ ಪಟ್ಟಣವಾದ ಎನಿಸ್‌ನಲ್ಲಿರುವ ಕೌಂಟಿ ಗ್ರಂಥಾಲಯಕ್ಕೆ ಊರವರೂ ಹೊರದೇಶದವರೂ ಸೇರಿ ದಶಾಂಶದ ಪುಸ್ತಕ, ಗ್ರಿಫಿತ್‌ನ ಮೌಲ್ಯಮಾಪನ, 1901ರ ಗಣತಿ, ಸಮಾಧಿಕಲ್ಲುಗಳ ಬರಹ, ಹೀಗೆ ಒಂದೊಂದನ್ನೂ ಸಾಲು ಸಾಲಾಗಿ ನಕಲು ಮಾಡಿ ಕೊಟ್ಟಿದ್ದಾರೆ. ಸಂಬಳವಿಲ್ಲ. ಎನಿಸ್‌ನಲ್ಲೇ ಕ್ಲೇರ್ ರೂಟ್ಸ್ ಸೊಸೈಟಿ ಎಂಬ ಹವ್ಯಾಸಿ ಶೋಧಕರ ಕೂಟವೂ ಇದೆ.

ಮಧ್ಯಯುಗದಲ್ಲಿ ಇದೇ ಸೀಮೆಯ ಓಬ್ರಿಯನ್ ದೊರೆಗಳಿಗೆ ಮಕ್‌ಬ್ರೂಡಿ ಮನೆತನದವರು ವಂಶಪಾರಂಪರ್ಯವಾಗಿ ಚರಿತ್ರೆಕಾರರಾಗಿದ್ದರು. ನಮ್ಮಲ್ಲಿ ಎತ್ತಿನ ಮೇಲೆ ಬಂದು ಮನೆಯ ಮುಂದೆ ನಿಂತು ತಲೆಮಾರುಗಳನ್ನು ಒಪ್ಪಿಸುವ ಹೆಳವರ ಹಾಗೆ, ಅವರ ಬದುಕೂ ಹೆಸರುಗಳ ಮೇಲೆಯೇ ನಡೆಯುತ್ತಿತ್ತು. ಆದರೆ ಹೆಳವರು ಒಕ್ಕಲಿನ ಮನೆಗೂ ಹೋಗುತ್ತಾರೆ. ಮಕ್‌ಬ್ರೂಡಿಗಳು ದೊರೆಗಳ ವಂಶವನ್ನು ಕಾಯ್ದರು. ಒಕ್ಕಲಿನ ವಂಶವನ್ನು ಕಾಯುವ ಕೆಲಸ ಅಲ್ಲಿ ಈಗ, ನಿವೃತ್ತ ಶಿಕ್ಷಕರು, ದಾದಿಯರು, ರೈತರ ಕೈಯಲ್ಲಿ ನಡೆಯುತ್ತಿದೆ.

ಸ್ಮಶಾನದ ಕೆಲಸಕ್ಕೂ ಇಬ್ಬರು ಬೇಕು. ಸುಣ್ಣಕಲ್ಲಿನ ಮೇಲಿನ ಅಕ್ಷರ ಮಳೆಗೆ ಸವೆದು, ಹಾವಸೆ ಕಟ್ಟಿ, ನೇರ ಬಿಸಿಲಲ್ಲಿ ಓದಲು ಬರುವುದಿಲ್ಲ. ತಂತಿಬ್ರಷ್ ಹಾಕಿ ಉಜ್ಜಿದರೆ ಉಳಿದ ಅಕ್ಷರವೂ ಹೋಗುತ್ತದೆ. ಒಬ್ಬರು ಕನ್ನಡಿಯಿಂದಲೋ ಟಾರ್ಚಿನಿಂದಲೋ ಕಲ್ಲಿನ ಪಕ್ಕದಿಂದ ಓರೆಯಾಗಿ ಬೆಳಕು ಹಾಯಿಸಬೇಕು. ಆಗ ತಗ್ಗಿನಲ್ಲಿ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ, ಇನ್ನೊಬ್ಬರು ಬರೆದುಕೊಳ್ಳಬೇಕು. ಬೋಸ್ಟನ್‌ನಲ್ಲಿರುವವರಿಗೆ ಇದು ಆಗದು. ಅವರ ಹತ್ತಿರ ಇರುವುದು ಬೇರೆ. ಅಲ್ಲಿಯ 'ಪೈಲಟ್' ಪತ್ರಿಕೆ 1831ರಿಂದ 1921ರವರೆಗೆ ಕಾಣೆಯಾದ ಬಂಧುಗಳನ್ನು ಹುಡುಕುವ ಜಾಹೀರಾತುಗಳನ್ನು ಪ್ರಕಟಿಸುತ್ತಿತ್ತು. ತಂಗಿ ಅಣ್ಣನನ್ನು, ಹೆಂಡತಿ ರೈಲುದಾರಿಯ ಕೆಲಸಕ್ಕೆ ಹೋದ ಗಂಡನನ್ನು ಕೇಳುವಾಗ, ಊರು ಪ್ಯಾರಿಷ್ ಎಲ್ಲ ಬಿಡಿಸಿ ಹೇಳುತ್ತಿದ್ದರು. ಐರ್ಲೆಂಡಿನ ಕಾಗದ ಸುಟ್ಟುಹೋದ ಎಷ್ಟೋ ಸಂಸಾರಗಳ ಹುಟ್ಟೂರು ಬೋಸ್ಟನ್ನಿನ ಆ ಅಂಕಣದಲ್ಲಿದೆ. ಎರಡೂ ಕಡೆಯವರು ತಮ್ಮಲ್ಲಿರುವುದನ್ನು ತೋರಿಸಿಕೊಂಡಾಗ ಮನೆ ಸಿಗುತ್ತದೆ.

ಪೂರ್ತಿ ಉಳಿದಿರುವ ಹಳೆಯ ಗಣತಿಗಳು 1901 ಮತ್ತು 1911ರವು. 1911ರ ಹಾಳೆಯಲ್ಲಿ ಮದುವೆಯಾದ ಹೆಣ್ಣುಮಕ್ಕಳಿಗೆ ಮೂರು ಪ್ರಶ್ನೆಗಳಿದ್ದವು. ಮದುವೆಯಾಗಿ ಎಷ್ಟು ವರ್ಷ, ಜೀವಂತ ಹುಟ್ಟಿದ ಮಕ್ಕಳೆಷ್ಟು, ಈಗ ಇರುವವರೆಷ್ಟು. ಕೊನೆಯ ಎರಡು ಅಂಕಿಗಳ ನಡುವಿನ ವ್ಯತ್ಯಾಸವನ್ನು ನೋಡಿದವರು ಮತ್ತೆ ಜ್ಞಾನಸ್ನಾನದ ಪುಸ್ತಕಕ್ಕೆ ಹೋಗಿ, ಮನೆಯವರಾರೂ ಮಾತಾಡದೆ ಬಿಟ್ಟಿದ್ದ ಆ ಮಕ್ಕಳ ಹೆಸರು ಹುಡುಕುತ್ತಾರೆ. ಅದೇ ಹಾಳೆಗಳಲ್ಲಿ, 1901ರಲ್ಲಿ 56 ಎಂದಿದ್ದವರು 1911ರಲ್ಲಿ 71 ಆಗಿರುವುದೂ ಉಂಟು. ನಡುವೆ ಪಿಂಚಣಿ ಬಂದಿತ್ತು. ಇದನ್ನು ಸುಳ್ಳು ಎನ್ನಲು ನನಗೆ ಮನಸ್ಸಿಲ್ಲ. ಕ್ಷಾಮದ ಆಸುಪಾಸಿನಲ್ಲಿ ಹುಟ್ಟಿದವರಿಗೆ ತಮ್ಮ ವಯಸ್ಸನ್ನು ಯಾರೂ ಹೇಳಿರಲಿಲ್ಲ.

ಡಿಎನ್‌ಎ ಪರೀಕ್ಷೆ ಬಂದಮೇಲೆ ಕೆಲಸ ಸುಲಭವಾಯಿತು ಎನ್ನುವವರಿದ್ದಾರೆ. ಅದು ಇಬ್ಬರು ಬಂಧುಗಳೆಂದು ಹೇಳುತ್ತದೆ, ಹೇಗೆ ಎಂದು ಹೇಳುವುದಿಲ್ಲ. ಅದಕ್ಕೆ ಮತ್ತೆ ಪುಸ್ತಕಕ್ಕೇ ಬರಬೇಕು. ದತ್ತು ಹೋದವರಿಗೆ ಮಾತ್ರ ಅದು ದೊಡ್ಡ ಆಸರೆ. ಮದುವೆಯಾಗದೆ ತಾಯಿಯಾದವರಿಂದ ಮಕ್ಕಳನ್ನು ಬೇರೆ ಮಾಡಿ, ಹುಟ್ಟಿನ ಕಾಗದವನ್ನೂ ಮುಚ್ಚಿಟ್ಟ ದೇಶ ಐರ್ಲೆಂಡ್. ತಮ್ಮ ಜನನಪತ್ರ ನೋಡುವ ಹಕ್ಕು ಆ ಮಕ್ಕಳಿಗೆ ಕಾನೂನಿನಿಂದ ಸಿಕ್ಕಿದ್ದು 2022ರಲ್ಲಿ. ಬಹಳ ತಡ.

ಕೆಲವೊಮ್ಮೆ ಶೋಧ ಎಣಿಸದ ಕಡೆ ತಲುಪುತ್ತದೆ. ಬಾಕ್ಸಿಂಗ್ ವೀರ ಮುಹಮ್ಮದ್ ಅಲಿಯ ತಾಯಿಯ ಕಡೆಯ ಮುತ್ತಜ್ಜ ಏಬ್ ಗ್ರೇಡಿ 1860ರ ದಶಕದಲ್ಲಿ ಎನಿಸ್ ಬಿಟ್ಟು ಅಮೆರಿಕಕ್ಕೆ ಹೋಗಿ ಕೆಂಟಕಿಯಲ್ಲಿ ಆಫ್ರಿಕನ್ ಮೂಲದ ಹೆಣ್ಣನ್ನು ಮದುವೆಯಾದವನು. 2009ರ ಸೆಪ್ಟೆಂಬರ್ 1ರಂದು ಅಲಿ ಎನಿಸ್‌ಗೆ ಬಂದಾಗ ಊರಿಗೆ ಊರೇ ಬೀದಿಗಿಳಿದಿತ್ತು.

ಕ್ಲೇರ್ ಬಿಟ್ಟವರೆಲ್ಲ ಅಮೆರಿಕಕ್ಕೆ ಹೋದವರಲ್ಲ. ಹೊಟ್ಟೆಪಾಡಿಗೆ ಸೈನ್ಯ ಸೇರಿದವರೂ ಇದ್ದರು. ಈಸ್ಟ್ ಇಂಡಿಯಾ ಕಂಪನಿಯ ಯುರೋಪಿಯನ್ ಪಡೆಗಳಿಗೂ ಆಮೇಲೆ ರಾಣಿಯ ಪಡೆಗಳಿಗೂ ಐರ್ಲೆಂಡಿನಿಂದ ಸಾವಿರಾರು ಬಡ ಯುವಕರು ಸೇರಿದರು. 1809ರಲ್ಲಿ ಬೆಂಗಳೂರು ದಂಡು ನೆಲೆಯಾದ ಮೇಲೆ ಅವರಲ್ಲಿ ಎಷ್ಟೋ ಜನ ಇಲ್ಲಿಗೂ ಬಂದರು, ಇಲ್ಲೇ ಮದುವೆಯಾದರು, ಜ್ವರಕ್ಕೆ ಕಾಲರಾಕ್ಕೆ ಇಲ್ಲೇ ಮಣ್ಣಾದರು. ಮದ್ರಾಸ್ ಪ್ರಾಂತ್ಯದ ಚರ್ಚುಗಳ ಜ್ಞಾನಸ್ನಾನ, ಮದುವೆ, ಸಾವಿನ ಪಟ್ಟಿಗಳ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಮಗ ಎಲ್ಲಿ ಹೋದ ಎಂದು ತಿಳಿಯದೆ ಉಳಿದ ಕ್ಲೇರ್‌ನ ಕೆಲವು ಮನೆಗಳಿಗೆ ಉತ್ತರ ಆ ಪಟ್ಟಿಗಳಲ್ಲಿರುತ್ತದೆ. ಪಟ್ಟಿಯಲ್ಲಿ ಇಲ್ಲದ್ದು ಕಲ್ಲಿನಲ್ಲಿ ಇರಬಹುದು. ಬೆಂಗಳೂರಿನ ಹೊಸೂರು ರಸ್ತೆಯ, ಕಲ್ಪಳ್ಳಿಯ ಸ್ಮಶಾನಗಳಿಗೆ ಎನಿಸ್‌ನಿಂದ ಬರುವುದು ಕಷ್ಟ. ಶಿವಾಜಿನಗರದಿಂದಲೋ ಹಲಸೂರಿನಿಂದಲೋ ಹೋಗುವುದು ಕಷ್ಟವಲ್ಲ. ಇಬ್ಬರು ಹೋದರೆ ಸಾಕು: ಕೈಯಲ್ಲಿ ಒಂದು ಟಾರ್ಚು, ಒಂದು ನೋಟ್‌ಬುಕ್ಕು.