ಹಟದ ಮಗುವೂ ಮನೋರೋಗದ ಗುಳಿಗೆಯೂ

ಮಳೆ ಕೈಕೊಟ್ಟ ವರ್ಷಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಸೀಮೆಯ ಊರುಗಳಿಂದ ಗಂಟುಮೂಟೆ ಕಟ್ಟಿ ಹೊರಟ ಸಂಸಾರಗಳು ಪುಣೆಯಲ್ಲಿ ಏಳುತ್ತಿರುವ ಬಹುಮಹಡಿ ಕಟ್ಟಡಗಳ ಬುಡದಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಬಾಳುವುದು ಇಂದು ನೆನ್ನೆಯ ಸಂಗತಿಯಲ್ಲ. ಅಂಥದೊಂದು ಶೆಡ್ಡಿನಿಂದ ಹನ್ನೆರಡು ವರ್ಷದ ಮಗನನ್ನು ಕರೆದುಕೊಂಡು ಬಂದು ಆಸ್ಪತ್ರೆಯ ಸಾಲಿನಲ್ಲಿ ನಿಂತ ತಾಯಿಯೊಬ್ಬಳನ್ನು ಓದುಗರು ಕಲ್ಪಿಸಿಕೊಳ್ಳಬೇಕು. ‘ಹೇಳಿದ ಮಾತು ಕೇಳಂಗಿಲ್ರೀ, ಸಿಟ್ಟು ಬಂದ್ರ ಕೈಗೆ ಸಿಕ್ಕದ್ದು ಎತ್ತಿ ಒಗೀತಾನ್ರೀ’ ಎಂದು ಆಕೆ ಹೇಳುವ ಮಾತು ಮರಾಠಿ ಹಿಂದಿಗಳನ್ನು ಬಲ್ಲ ವೈದ್ಯರಿಗೆ ಅರ್ಧ ಮಾತ್ರ ಮುಟ್ಟುತ್ತದೆ. ಅವರ ಪ್ರಶ್ನೆಯೂ ಆಕೆಗೆ ಅರ್ಧವೇ ತಿಳಿಯುತ್ತದೆ. ಹೊರಗೆ ಸಾಲು ಬೆಳೆಯುತ್ತಿರುವ ಆ ಹೊತ್ತಿನಲ್ಲಿ ಭಾಷೆಯ ಹಂಗಿಲ್ಲದೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಬಲ್ಲದ್ದು ಗುಳಿಗೆಯ ಚೀಟಿಯೊಂದೇ. ಆ ಗುಳಿಗೆಯಿಂದ ಆಗುವುದೇನು, ಆಗದಿರುವುದೇನು ಎಂಬುದನ್ನು ಆ ತಾಯಿಯ ಪರವಾಗಿ ನಾವು ವಿಚಾರಿಸಿಕೊಳ್ಳುವುದು ಯುಕ್ತ.

ಮಕ್ಕಳೆಂದ ಮೇಲೆ ಹಟ, ಜಗಳ, ಸಣ್ಣಪುಟ್ಟ ಸುಳ್ಳು ಇದ್ದದ್ದೇ. ವೈದ್ಯಶಾಸ್ತ್ರವು ಕಂಡಕ್ಟ್ ಡಿಸಾರ್ಡರ್ ಎಂದು ಕರೆಯುವ, ನಾವು ನಡತೆಯ ವಿಕಾರವೆನ್ನಬಹುದಾದ ಸ್ಥಿತಿ ಅದಕ್ಕಿಂತ ಭಿನ್ನವಾದುದು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯು ಜನರನ್ನೂ ಪ್ರಾಣಿಗಳನ್ನೂ ಹಿಂಸಿಸುವುದು, ಸ್ವತ್ತನ್ನು ಹಾಳುಗೆಡವುವುದು, ಕಳ್ಳತನ ಮತ್ತು ವಂಚನೆ, ಮನೆ ಶಾಲೆಗಳ ನಿಯಮಗಳನ್ನು ಗುರುತರವಾಗಿ ಮೀರುವುದು ಎಂಬ ನಾಲ್ಕು ಬಗೆಗಳಲ್ಲಿ 15 ಲಕ್ಷಣಗಳನ್ನು ಪಟ್ಟಿಮಾಡಿದೆ. ಅವುಗಳಲ್ಲಿ ಕನಿಷ್ಠ ಮೂರಾದರೂ ಕಳೆದ 12 ತಿಂಗಳಲ್ಲಿಯೂ, ಒಂದಾದರೂ ಕಳೆದ ಆರು ತಿಂಗಳಲ್ಲಿಯೂ ಕಂಡಿದ್ದು, ಅದರಿಂದ ಮಗುವಿನ ಬಾಳುವೆ ಕೆಟ್ಟಿದ್ದರೆ ಮಾತ್ರ ಈ ಹೆಸರು ಸಲ್ಲುತ್ತದೆ. ಒಂದು ರಾತ್ರಿಯ ಅಪರಾಧವಾಗಲಿ ಒಂದು ವಾರದ ಮೊಂಡುತನವಾಗಲಿ ರೋಗವಲ್ಲ. ವಿಕಾರವು ನಿಜವಾಗಿ ಇದ್ದಲ್ಲಿಯೂ ಅದರ ಹಿಂದೆ ಮನೆಯ ಹೊಡೆತ, ಅಕ್ಷರ ಹತ್ತದ ಸಂಕಟ, ಒಂದೆಡೆ ನಿಲ್ಲಲಾರದ ಚಂಚಲತೆಯ ತೊಂದರೆ, ಬುದ್ಧಿಯ ಬೆಳವಣಿಗೆಯ ಕೊರತೆ ಮೊದಲಾದವು ಅಡಗಿರುವುದುಂಟು.

ಇಂಥ ಮಕ್ಕಳಿಗೆ ಕೊಡುವ ಗುಳಿಗೆ ಮೂಲತಃ ಅವರಿಗಾಗಿ ಹುಟ್ಟಿದುದಲ್ಲ. 1950ರ ಡಿಸೆಂಬರಿನಲ್ಲಿ ಫ್ರಾನ್ಸಿನ ರೋನ್ ಪೂಲೆಂಕ್ ಕಂಪನಿಯ ರಸಾಯನಶಾಸ್ತ್ರಜ್ಞ ಪಾಲ್ ಶಾರ್ಪಾಂಟಿಯೆ ತಯಾರಿಸಿದ ಕ್ಲೋರ್‌ಪ್ರೊಮಝೀನ್ ಎಂಬ ವಸ್ತುವನ್ನು 1952ರಲ್ಲಿ ಪ್ಯಾರಿಸಿನ ಸೇಂಟ್ ಆನ್ ಆಸ್ಪತ್ರೆಯ ಡಿಲೇ ಮತ್ತು ಡೆನಿಕೆರ್ ಎಂಬ ವೈದ್ಯರು ಚಿತ್ತಭ್ರಮೆಯ ರೋಗಿಗಳಿಗೆ ಕೊಟ್ಟು ನೋಡಿದಂದಿನಿಂದ ಮನೋವೈದ್ಯದ ಹೊಸ ಯುಗ ಮೊದಲಾಯಿತು. ನಮ್ಮ ನೆಲದ ಸರ್ಪಗಂಧದ ಬೇರು ಉನ್ಮಾದವನ್ನು ಶಮನಗೊಳಿಸುತ್ತದೆಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು 1931ರಷ್ಟು ಹಿಂದೆಯೇ ಬರೆದಿದ್ದುದನ್ನು ಇಲ್ಲಿ ಸ್ಮರಿಸಬೇಕು. ಕ್ಲೋರ್‌ಪ್ರೊಮಝೀನಿನ ಜಾಡಿನಲ್ಲಿ ಮುಂದೆ ಬಂದ ರಿಸ್ಪೆರಿಡೋನ್ ಎಂಬ ಗುಳಿಗೆ 1993ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಮಿದುಳಿನ ಡೋಪಮೀನ್ ಎಂಬ ದ್ರವ್ಯದ ಸಂದೇಶವನ್ನು ತಡೆದು ಉದ್ರೇಕವನ್ನು ತಗ್ಗಿಸುವುದು ಈ ಔಷಧಗಳ ಮುಖ್ಯ ಕ್ರಮ. ಭ್ರಮೆಯಿಲ್ಲದ ಮಗುವಿಗೂ ಇವನ್ನು ಕೊಡುವುದು ಈ ಉದ್ರೇಕಶಮನದ ಗುಣಕ್ಕಾಗಿ.

ಅದರಿಂದ ಫಲವುಂಟೆ? ಉಂಟು, ಮಿತಿಯೊಳಗೆ. 5ರಿಂದ 18 ವರ್ಷದ 896 ಮಕ್ಕಳನ್ನು ಒಳಗೊಂಡ ಹತ್ತು ಪರೀಕ್ಷೆಗಳನ್ನು ತೂಗಿನೋಡಿದ ಕಾಕ್ರೇನ್ ಸಂಸ್ಥೆಯ 2017ರ ಪರಾಮರ್ಶೆಯು ರಿಸ್ಪೆರಿಡೋನ್ ಅಲ್ಪಾವಧಿಯಲ್ಲಿ ಆಕ್ರಮಣಶೀಲತೆಯನ್ನು ಕಡಿಮೆ ಮಾಡುತ್ತದೆಂಬುದಕ್ಕೆ ಆಧಾರವಿದೆಯೆಂದಿತು. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳ ವಿಷಯದಲ್ಲಿ ಅದಕ್ಕೆ ಆಧಾರ ಸಿಕ್ಕಲಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆಯ 2013ರ ಮಾರ್ಗದರ್ಶಿಯು ನಡತೆಯ ವಿಕಾರಕ್ಕೆ ಔಷಧವನ್ನು ವಾಡಿಕೆಯಾಗಿ ಕೊಡಕೂಡದೆಂದೂ, ಮಾತಿನ ಚಿಕಿತ್ಸೆಗೆ ಬಗ್ಗದೆ ಸಿಟ್ಟು ಸ್ಫೋಟಿಸುತ್ತಿರುವ ತೀವ್ರ ಪ್ರಸಂಗಗಳಲ್ಲಿ ಮಾತ್ರ ಸ್ವಲ್ಪ ಕಾಲ ರಿಸ್ಪೆರಿಡೋನನ್ನು ಆಲೋಚಿಸಬಹುದೆಂದೂ ವಿಧಿಸಿದೆ. ಆ ದೇಶದಲ್ಲಿ ಐದು ವರ್ಷ ಮೀರಿದ, ಬುದ್ಧಿಯ ಬೆಳವಣಿಗೆ ಕುಂದಿದ ಮಕ್ಕಳ ಪಟ್ಟುಬಿಡದ ಆಕ್ರಮಣಶೀಲತೆಗೆ ಈ ಔಷಧಕ್ಕಿರುವ ಅನುಮತಿಯ ಅವಧಿ ಆರು ವಾರ. ಆರು ವಾರಕ್ಕೆಂದು ಆರಂಭವಾದುದು, ಕೇಳುವವರಿಲ್ಲದೆ, ಆರು ವರ್ಷಕ್ಕೆ ಹಬ್ಬಬಾರದು.

ಏಕೆಂದರೆ ಬೆಳೆಯುವ ದೇಹ ಇದಕ್ಕೆ ಬೆಲೆ ತೆರುತ್ತದೆ. ಅದೇ ಪರಾಮರ್ಶೆಯಲ್ಲಿ, ಕೆಲವೇ ವಾರಗಳ ಅವಧಿಯಲ್ಲಿ, ರಿಸ್ಪೆರಿಡೋನ್ ಪಡೆದ ಮಕ್ಕಳು ಹುಸಿಗುಳಿಗೆ ಪಡೆದವರಿಗಿಂತ ಸರಾಸರಿ 2.37 ಕಿಲೋ ಹೆಚ್ಚು ತೂಕ ಪಡೆದಿದ್ದರು. ತೂಕಡಿಕೆ ಬರಬಹುದು, ರಕ್ತದ ಸಕ್ಕರೆ ಮತ್ತು ಕೊಬ್ಬು ಏರಬಹುದು, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹೆಚ್ಚಿ ಹುಡುಗರಲ್ಲಿಯೂ ಎದೆ ಊದಿಕೊಳ್ಳಬಹುದು, ಕೈಕಾಲು ಸೆಟೆದುಕೊಳ್ಳುವುದು, ನಡುಗುವುದು ಕಾಣಬಹುದು. ಆದುದರಿಂದ ಗುಳಿಗೆಗೆ ಮೊದಲೂ ಅನಂತರ ಕಾಲಕಾಲಕ್ಕೂ ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ, ರಕ್ತಪರೀಕ್ಷೆ ಆಗಲೇಬೇಕು. ಹಾಗೆಂದು ಈ ಲೇಖನವನ್ನೋದಿ ಯಾರೂ ನಡೆಯುತ್ತಿರುವ ಗುಳಿಗೆಯನ್ನು ತಟ್ಟನೆ ನಿಲ್ಲಿಸಬಾರದು; ನಿಲ್ಲಿಸುವುದೂ ವೈದ್ಯರ ಸಲಹೆಯಂತೆ, ಮೆಲ್ಲಮೆಲ್ಲಗೆ ಆಗತಕ್ಕ ಕೆಲಸ.

ಹಾಗಾದರೆ ಮೊದಲ ಮದ್ದು ಯಾವುದು? ಮಾತು. ಅಪ್ಪಣೆ ಚಿಕ್ಕದಾಗಿ ಸ್ಪಷ್ಟವಾಗಿರಬೇಕು, ಒಳ್ಳೆಯ ನಡತೆಯನ್ನು ಆ ಕ್ಷಣವೇ ಕಂಡು ಹೊಗಳಬೇಕು, ತಪ್ಪಿಗೆ ಇಂದೊಂದು ನಾಳೆಯೊಂದು ಎನ್ನದೆ ಒಂದೇ ಬಗೆಯ ಪರಿಣಾಮವಿರಬೇಕು, ಹೊಡೆತ ನಿಲ್ಲಬೇಕು ಎಂಬುದನ್ನು ತಂದೆತಾಯಿಗಳಿಗೆ ವಾರವಾರವೂ ಕೂರಿಸಿಕೊಂಡು ಅಭ್ಯಾಸಮಾಡಿಸುವುದೇ ಚಿಕ್ಕ ಮಕ್ಕಳ ವಿಷಯದಲ್ಲಿ ಪ್ರಧಾನ ಚಿಕಿತ್ಸೆ. ದೊಡ್ಡ ಹುಡುಗರಿಗಾದರೆ ಮನೆ, ಶಾಲೆ, ಗೆಳೆಯರ ಬಳಗ ಮೂರನ್ನೂ ಕೂಡಿಸಿ ನಡೆಸುವ ಪ್ರಯತ್ನ ಬೇಕು. ಗುಳಿಗೆ ಸಿಟ್ಟಿನ ಕಾವನ್ನು ಇಳಿಸೀತು. ಸಿಟ್ಟು ಬಂದಾಗ ಹೇಗಿರಬೇಕೆಂಬುದನ್ನು ಕಲಿಸಲಾರದು. ಕಲಿಸುವ ಮಾತಾದರೋ ತಾಯಿಗೆ ತಿಳಿಯುವ ಭಾಷೆಯಲ್ಲಿರಬೇಕು. ತಾಯ್ನುಡಿಯಲ್ಲಿ ಮಾತನಾಡಿಸುವವರಿಲ್ಲದ ಕಡೆ ವಲಸೆಯ ಮಗುವಿನ ಪಾಲಿಗೆ ಚಿಕಿತ್ಸೆಯ ಅರ್ಧಭಾಗ ಮಾತ್ರ ಉಳಿಯುತ್ತದೆ, ಅದೂ ಎರಡನೆಯ ಅರ್ಧ.

ಪುಣೆಯು ಈ ವಿಚಾರದಲ್ಲಿ ಬರಿಯ ನಗರವಲ್ಲ. ಎರಡು ಸಾವಿರಕ್ಕೂ ಹೆಚ್ಚು ಹಾಸಿಗೆಗಳ ಯರವಡಾ ಮನೋರುಗ್ಣಾಲಯ ಇಲ್ಲಿದೆ; ಬಲಾತ್ಕಾರದ ಚಿಕಿತ್ಸೆಯನ್ನು ಪ್ರಶ್ನಿಸಿ ಬಡವರ ಬಸ್ತಿಗಳಲ್ಲಿ ಮಾತಿನ ಆಸರೆಯನ್ನು ಕಟ್ಟಿದ ಭಾರ್ಗವಿ ದಾವರ್ ಅವರ ಬಾಪು ಟ್ರಸ್ಟ್ ಇಲ್ಲಿಯದು; 2017ರ ಮಾನಸಿಕ ಆರೋಗ್ಯ ಕಾಯಿದೆಯ ಕರಡಿನಲ್ಲಿ ಶ್ರಮಿಸಿದ ಡಾಕ್ಟರ್ ಸೌಮಿತ್ರ ಪಾಠಾರೆ ಅವರ ಕೇಂದ್ರ ಇಲ್ಲಿಯ ಐಎಲ್‌ಎಸ್ ಕಾನೂನು ಕಾಲೇಜಿನದು. ಅಪ್ರಾಪ್ತರನ್ನು ಮಾನಸಿಕ ಆರೋಗ್ಯ ಕೇಂದ್ರದಲ್ಲಿ ದಾಖಲಿಸಿಕೊಂಡರೆ ವಯಸ್ಕರಿಂದ ಬೇರೆಯಾಗಿ ಇರಿಸಬೇಕೆಂದೂ, 72 ಗಂಟೆಗಳೊಳಗೆ ಮಾನಸಿಕ ಆರೋಗ್ಯ ಪರಾಮರ್ಶೆ ಮಂಡಳಿಗೆ ತಿಳಿಸಬೇಕೆಂದೂ ಆ ಕಾಯಿದೆ ಹೇಳುತ್ತದೆ. ಹೊರರೋಗಿಯಾಗಿ ಚೀಟಿ ಹಿಡಿದು ಮನೆಗೆ ಹೋಗುವ ಮಗುವಿಗೆ ಕಾವಲು ತಂದೆತಾಯಿಗಳೇ. ಇದನ್ನು ಏತಕ್ಕಾಗಿ ಕೊಡುತ್ತಿದ್ದೀರಿ, ಎಷ್ಟು ದಿನ, ತೂಕ ರಕ್ತಗಳ ಪರೀಕ್ಷೆ ಯಾವಾಗ, ಇದರ ಜೊತೆಗೆ ನಾವು ಮನೆಯಲ್ಲಿ ಮಾಡಬೇಕಾದುದೇನು ಎಂಬ ನಾಲ್ಕು ಪ್ರಶ್ನೆಗಳನ್ನು ಅವರು ಕೇಳಲೇಬೇಕು.

ಕೇಳಲು ಬಾಯಿಲ್ಲದವರ ಪರವಾಗಿ ಕೇಳುವ ಹೊಣೆ ಪುಣೆಯಲ್ಲಿ ನೆಲೆಯೂರಿದ ಕನ್ನಡಿಗರದು. ಇಲ್ಲಿ ನಮ್ಮವರ ಸಂಘವಿದೆ, ಕನ್ನಡ ಶಾಲೆಯಿದೆ, ಎರಡು ಭಾಷೆಗಳನ್ನೂ ನೀರು ಕುಡಿದಷ್ಟು ಸುಲಭವಾಗಿ ಆಡುವ ಸಾವಿರಾರು ಜನರಿದ್ದಾರೆ. ಆಸ್ಪತ್ರೆಯ ಸಾಲಿನಲ್ಲಿ ನಿಂತ ತಾಯಿಯೊಡನೆ ಒಂದು ಬೆಳಗು ಕಳೆದು ಆಕೆಯ ಮಾತನ್ನು ವೈದ್ಯರಿಗೂ ವೈದ್ಯರ ಮಾತನ್ನು ಆಕೆಗೂ ದಾಟಿಸಿದರೆ ಅದು ಸಣ್ಣ ಸೇವೆಯಲ್ಲ. ಅಷ್ಟು ಸಾಧ್ಯವಾಗದವರು ಈ ಸಂಖ್ಯೆಯನ್ನಾದರೂ ಬರೆದುಕೊಡಲಿ: 14416. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲಿರುಳೂ ಉಚಿತ, ಅದು ಮಾತನಾಡುವ ಭಾಷೆಗಳಲ್ಲಿ ಕನ್ನಡವೂ ಒಂದು.